ಬಿಸ್ಮಿಲ್ಲಾ ಫೈಲು

"ಕುರಾನ್ ಮುಟ್ಟಿ ಹೇಳ್ತೀನಿ ಬಾಶಾ, ನನ್ನ ಅಂಗಡೀಲಿ ಪ್ರತಿ ಗಿರಾಕಿಗೂ ಹೊಸ ಹಾಳೆ! ಒಬ್ಬರ ಎಂಜಲು ಇನ್ನೊಬ್ಬರಿಗೆ ಬಡಿಸೋ ಜಾಯಮಾನ ನಮ್ಮದಲ್ಲ."

ಟೈಪಿಂಗ್ ಅಂಗಡಿಯ ಯಜಮಾನ ಹಾಜ್ ಬಹ್ಗತ್ ಎದೆಯ ಮೇಲೆ ಕೈಯಿಟ್ಟುಕೊಂಡು ಪ್ರಾಸಿಕ್ಯೂಟರಿಗೆ ಹೇಳಿದರು; ನಮ್ಮಲ್ಲಿ ಅಧಿಕಾರಿಗಳನ್ನು 'ಬಾಶಾ', ಇಲ್ಲವೇ 'ಬೇ' ಎಂದೇ ಕರೆಯುವುದು. ಅವರ ಕೈ ಎದೆಯ ಮೇಲಿತ್ತು, ಕಣ್ಣು ಮಾತ್ರ ಟೈಪಿಂಗ್ ಮೇಜುಗಳ ಕಡೆ ಓಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

"ಕೇಳಿದಿರಲ್ಲ ಮದಾಮ್ ಸಫಿನಾಜ್?" ಪ್ರಾಸಿಕ್ಯೂಟರ್ ಹಾಝಿಮ್ ಬೇ ಗಡಿಯಾರ ನೋಡಿಕೊಂಡ. "ಪ್ರತಿ ಗಿರಾಕಿಗೂ ಹೊಸ ಹಾಳೆ. ಹಾಗಂದ್ಮೇಲೆ ಫೈಲಿನ ಮೇಲೆ ವಗ್ದಿ ಹೆಸರಿದ್ರೆ ಬರೆದವನು ವಗ್ದೀನೇ. ಇಳಿಹೊತ್ತಿನ ಅಸರ್ ನಮಾಜ್ ಮುಗಿಯೋದ್ರೊಳಗೆ ನಾನು ಸಹಿ ಹಾಕಿ ಕೋರ್ಟಿಗೆ ಕಳಿಸಬೇಕು."

ಆ ಸಹಿ ಬಿದ್ದರೆ ಇದೇ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದ ವಗ್ದಿ ಕೊಲೆ ಆರೋಪಿಯಾಗಿ ದೊಡ್ಡ ಜೈಲಿಗೆ ಹೋಗುತ್ತಾನೆ. ಅಲ್ಲಿಂದ ಹಗ್ಗದವರೆಗೆ ದಾರಿ ತುಂಬ ಉದ್ದವೇನಿಲ್ಲ.

ವಕೀಲ ಲಬೀಬ್ ಸಿದ್‌ಹೋಮ್ ತಮ್ಮ ಕಚೇರಿಯ ಲಿಫ್ಟಿನ ತಳದ ಹೊಂಡದಲ್ಲಿ ಸತ್ತು ಬಿದ್ದಿದ್ದರು. ಹೆಣದ ಪಕ್ಕದಲ್ಲಿ ಸಿಕ್ಕ ಪೆನ್ ಡ್ರೈವಿನಲ್ಲಿ, ಅವರ ಬಾಗಿಲಿಗೆ ಯಾರೋ ಅಂಟಿಸಿ ಹೋಗಿದ್ದ ಬೆದರಿಕೆ ಪತ್ರದ ಫೈಲಿತ್ತು. ಆ ಫೈಲಿನ ಜಾತಕ, ಅಂದರೆ ಅದರ ವಿವರಗಳ ಪುಟ, ತೆಗೆದು ನೋಡಿದರೆ 'ಬರೆದವರು: ವಗ್ದಿ' ಎಂದಿತ್ತು. ಸರ್ಕಾರದ ಕೈಯಲ್ಲಿದ್ದ ಸಾಕ್ಷ್ಯ ಇಷ್ಟೇ. ಜೊತೆಗೆ ಒಂದು ಕಾರಣವೂ ಇತ್ತು. ಕೋಮ್ ಎಲ್ ದಿಕ್ಕಾ ಕೇರಿಯಲ್ಲಿ ವಗ್ದಿಯ ಮನೆಯವರನ್ನು ಹಳೇ ಬಾಡಿಗೆ ಮನೆಯಿಂದ ಬಿಡಿಸಲು ಆದೇಶ ತಂದವರು ಇದೇ ಲಬೀಬ್.

ಮನ್ಶಿಯ್ಯಾದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಧೂಳುಗಾಳಿ ಎದ್ದಿತ್ತು. ಅಂಗಡಿಯ ಗಾಜಿನ ಬಾಗಿಲು ಕಟಕಟ ಎನ್ನುತ್ತಿತ್ತು. ಹೊರಗಿನ ಬೆಂಚಿನ ಮೇಲೆ ವಗ್ದಿಯ ಅಕ್ಕ ನಗ್ಲಾ ಕೂತಿದ್ದಳು. ತೊಡೆಯ ಮೇಲೆ ಟವೆಲ್ ಸುತ್ತಿದ ಊಟದ ಡಬ್ಬಿ. ತಮ್ಮನಿಗೆ ಎಲೆಯೊಳಗೆ ಅನ್ನ ತುಂಬಿ ಸುತ್ತಿದ ಎಲೆಕೋಸಿನ ಮಹ್ಶಿ ಮಾಡಿ ತಂದಿದ್ದಳು. ಠಾಣೆಯವರು ಒಳಗೆ ಬಿಡುವವರೆಗೆ ನನ್ನ ಬೆನ್ನು ಬಿಡುವುದಿಲ್ಲ ಎಂದು ಹಠ ಹಿಡಿದಿದ್ದಳು. ಕಂಪ್ಯೂಟರ್ ಫೈಲುಗಳ ಗುಟ್ಟು ಬಿಡಿಸುವುದು ನನ್ನ ಕಸುಬು; ನನ್ನನ್ನು ಈ ಕೇಸಿಗೆ ಎಳೆದವಳೇ ಅವಳು.

ನಾನು ಪತ್ರದ ಪ್ರತಿಯನ್ನು ಮತ್ತೆ ಕೈಗೆ ತೆಗೆದುಕೊಂಡೆ. "ನಮ್ಮನ್ನು ಬೀದಿಗೆ ತಳ್ಳುವ ಕೈಯನ್ನು ದೇವರು ಮುರಿಯದಿದ್ದರೆ ನಾವೇ ಮುರಿಯುತ್ತೇವೆ." ಪುಟದ ತುಂಬ ಇಂಥವೇ ಮಾತು. ಎಲ್ಲರೂ ಮಾತುಗಳನ್ನೇ ಓದಿದ್ದರು. ನನ್ನ ಕಣ್ಣು ಮೊದಲ ದಿನದಿಂದಲೂ ಖಾಲಿ ಜಾಗದ ಮೇಲಿತ್ತು.

ಹಾಳೆಯ ತಲೆಯಲ್ಲಿ ನಾಲ್ಕು ಬೆರಳಷ್ಟು ಜಾಗ ಬಿಟ್ಟಿತ್ತು. ಬೆದರಿಕೆ ಹಾಕುವವನಿಗೆ ಇಷ್ಟು ಅಚ್ಚುಕಟ್ಟು ಯಾಕೆ?

"ಹಾಜ್," ಎಂದೆ. "ವಾದ ಆಮೇಲೆ. ನನಗೊಂದು ಬಾಡಿಗೆ ಕರಾರು ಬೇಕು. ಮನೆ ಮೇಲಿನ ಕೋಣೆ ಕೊಡ್ತಿದೀನಿ. ಬಂದ ಕೆಲಸದ ಜೊತೆ ಅದೂ ಆಗಿಬಿಡಲಿ."

"ಈಗಾ ಮದಾಮ್?"

"ಯಾಕೆ, ಗಿರಾಕಿ ಬೇಡ್ವಾ? ಎದುರುಗಡೆ ಅಂಗಡಿಗೆ ಹೋಗ್ಲಾ?"

ಎದುರಂಗಡಿ ಎಂದರೆ ಸಾಕು, ಹಾಜ್ ಬಹ್ಗತ್‌ಗೆ ಮೈಯೆಲ್ಲ ಉರಿ. "ಆ ಹಡಬೆ ಹತ್ರಾನಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಟೀ ಆರೋದ್ರಲ್ಲಿ ಮಾಡಿಕೊಡ್ತೀನಿ."

ಹಾಝಿಮ್ ಬೇ ಹುಬ್ಬು ಗಂಟಿಕ್ಕಿದ. "ಮದಾಮ್, ನಾನಿಲ್ಲಿ ನಿಮ್ಮ ಕರಾರು ನೋಡೋಕೆ ಬಂದಿಲ್ಲ."

"ಬಂದಿದೀರಿ ಬೇ. ನಿಮಗೆ ಗೊತ್ತಿಲ್ಲ ಅಷ್ಟೇ. ಅವರ ಕೈ ನೋಡಿ."

ಹಾಜ್ ಕುರ್ಚಿಗೆ ಒರಗಿದರು, ಕನ್ನಡಕ ಮೂಗಿನ ತುದಿಗೆ ತಂದರು. ಹೊಸ ಹಾಳೆ ತೆಗೆಯುವ ಗುರುತು ಪರದೆಯ ಮೇಲೆ ಕಣ್ಣಿಗೆ ರಾಚುವಂತಿತ್ತು. ಅವರ ಕೈ ಅತ್ತ ಸುಳಿಯಲೇ ಇಲ್ಲ. ನೇರವಾಗಿ ಒಂದು ಹಳೇ ಫೈಲಿಗೆ ಹೋಯಿತು, ಅದನ್ನು ತೆರೆಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ!

ಪರದೆಯ ತಲೆಯಲ್ಲಿ ದೊಡ್ಡ ಅಕ್ಷರದ ಬಿಸ್ಮಿಲ್ಲಾ ಮೂಡಿತು. ಹಡಗಿನ ಹಾಗೆ ಬಳುಕಿದ, ಅಂಚಿಗೆ ಬಳ್ಳಿ ಬಿಡಿಸಿದ ಬಿಸ್ಮಿಲ್ಲಾ. ಅದರ ಕೆಳಗೆ ಯಾರೋ ಒಬ್ಬ ಹೆಂಗಸಿನ ಜೀವನಾಂಶದ ಅರ್ಜಿ. ಹಾಜ್ ಬಿಸ್ಮಿಲ್ಲಾವನ್ನು ಹಾಗೇ ಬಿಟ್ಟು ಅರ್ಜಿಯನ್ನು ಅಳಿಸಿದರು. ಅದರ ಜಾಗದಲ್ಲಿ ನನ್ನ ಕರಾರು ಟೈಪ್ ಮಾಡತೊಡಗಿದರು. ಬೇರೆ ಹೆಸರು ಕೊಟ್ಟು ಸೇವ್ ಮಾಡಿ ನನ್ನ ಕಡೆ ನಗುಮುಖ ತಿರುಗಿಸಿದರು.

"ಆಯ್ತು ನೋಡಿ."

"ಹೊಸ ಹಾಳೆ ಎಲ್ಲಿ ಹಾಜ್?"

ನಗು ಅಲ್ಲೇ ನಿಂತಿತು. ಕೈ ಮತ್ತೆ ಎದೆಯತ್ತ ಹೊರಟು ಅರ್ಧದಲ್ಲೇ ಉಳಿಯಿತು.

"ಅದು... ದೇವರ ಹೆಸರಿಲ್ಲದೆ ಶುರು ಮಾಡೋಕಾಗುತ್ತಾ ಮದಾಮ್? ಖಾಲಿ ಹಾಳೇಲಿ ಕೆಲಸ ಶುರು ಮಾಡಿದ್ರೆ ಬರಕತ್ತಿರಲ್ಲ. ಈ ಬಿಸ್ಮಿಲ್ಲಾನ ಯಂತ್ರದೊಳಗೆ ಕೂರಿಸೋಕೆ ತುಂಬ ಒದ್ದಾಡಿದ್ವಿ. ಅದು ಬರೋ ಫೈಲು ಒಂದೇ. ಎಲ್ಲರೂ ಅದನ್ನೇ ತೆಗೀತೀವಿ, ಕೆಳಗಿಂದು ಅಳಿಸ್ತೀವಿ, ಬರೀತೀವಿ."

"ಆ ಬಿಸ್ಮಿಲ್ಲಾ ಕೂರಿಸಿದ್ದು ಯಾರು?"

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ವಗ್ದಿ."

"ಬೇ, ಇವರು ಈಗ ಮಾಡಿದ ಕರಾರಿನ ಜಾತಕ ತೆಗೀರಿ."

ಹಾಝಿಮ್ ಬೇ ತಾನೇ ಬಗ್ಗಿ ತೆಗೆದ. ಓದಿದ. ಮತ್ತೆ ಓದಿದ.

ಬರೆದವರು: ವಗ್ದಿ.

"ಅವನು ನಿಮ್ಮ ಲಾಕಪ್ಪಿನಲ್ಲಿದ್ದಾನೆ," ಎಂದೆ. "ಅಲ್ಲಿಂದಲೇ ನನ್ನ ಮಹಡಿ ಕೋಣೆಗೆ ಕರಾರು ಬರೆದುಕೊಟ್ಟ. ಏನು ಚುರುಕು ಹುಡುಗ ನೋಡಿ."

ಹಾಝಿಮ್ ಬೇಗೆ ನಗು ಬಂತು. ಹಿಂದೆಯೇ ಮುಖ ಸಪ್ಪಗಾಯಿತು. ತಾನೇ ಎದ್ದು ಪಕ್ಕದ ಯಂತ್ರದಲ್ಲಿದ್ದ ಫೈಲುಗಳನ್ನು ಒಂದೊಂದಾಗಿ ತೆರೆದ. ವಿಚ್ಛೇದನ, ದೂರು, ಮಾರಾಟ ಪತ್ರ, ಶಾಲೆಗೆ ರಜೆ ಅರ್ಜಿ. ಎಲ್ಲದರ ಜಾತಕದಲ್ಲೂ ವಗ್ದಿಯೇ. ಮನ್ಶಿಯ್ಯಾದ ಅರ್ಧ ಜಗಳಗಳನ್ನು ಅವನೊಬ್ಬನೇ ಆಡಿದ ಹಾಗಿತ್ತು.

"ಫೈಲಿಗೆ ಹುಟ್ಟಿದ ದಿನ ಇಟ್ಟ ಹೆಸರು ಸಾಯೋವರೆಗೂ ಅದೇ," ಎಂದೆ. "ಒಳಗಿನ ಮಾತೆಲ್ಲ ಅಳಿಸಿ ಬೇರೆ ಬರೀರಿ, ಬೇರೆ ಹೆಸರಲ್ಲಿ ಸೇವ್ ಮಾಡಿ, ಆ ಹೆಸರು ಬದಲಾಗಲ್ಲ. ಬೆದರಿಕೆ ಪತ್ರದ ತಲೇಲಿ ಈ ನಾಲ್ಕು ಬೆರಳು ಜಾಗ ನೋಡಿ. ಇಲ್ಲಿ ಆ ದೊಡ್ಡ ಬಿಸ್ಮಿಲ್ಲಾ ಇತ್ತು. ಬರೆದವರು ಅಳಿಸಿದಾರೆ. ಅಕ್ಷರ ಹೋಯ್ತು, ಅದರ ಎತ್ತರ ಉಳೀತು."

"ಯಾಕೆ ಅಳಿಸಬೇಕು?"

"ಕೈ ಮುರೀತೀನಿ ಅಂತ ಬರೆಯೋ ಹಾಳೆ ಮೇಲೆ ದೇವರ ಹೆಸರಿಡೋಕೆ ಭಯ ಆಗಿದೆ ಬೇ. ಇದು ಗೂಂಡಾ ಬರೆದ ಪತ್ರ ಅಲ್ಲ. ಐದು ಹೊತ್ತು ನಮಾಜ್ ಮಾಡೋರು, ಹೊಟ್ಟೆ ಉರಿದು ಬರೆದಿದಾರೆ."

ಹಾಝಿಮ್ ಬೇ ಹಾಜ್ ಕಡೆ ತಿರುಗಿದ. ದನಿ ಈಗ ಬೇರೆಯಾಗಿತ್ತು. "ನನ್ನ ಮುಂದೆ ಹೇಳಿಕೆ ಕೊಟ್ಟು ಸಹಿ ಹಾಕಿದ್ರಿ. ಪ್ರತಿ ಗಿರಾಕಿಗೂ ಹೊಸ ಹಾಳೆ ಅಂತ. ಒಬ್ಬ ಹುಡುಗನ ಕುತ್ತಿಗೆ ವಿಷಯ ಅದು ಹಾಜ್!"

"ಬಾಶಾ, ಕಾಲಿಗೆ ಬೀಳ್ತೀನಿ." ಹಾಜ್ ಬಹ್ಗತ್ ಎದ್ದು ನಿಂತರು. "ಒಂದ್ಸಲ ಒಬ್ಬ ಮದುಮಗನ ಮದುವೆ ಕರಾರಿನ ಕೊನೇಲಿ ಇನ್ಯಾರದೋ ತಲಾಖಿನ ಎರಡು ಸಾಲು ಉಳಿದುಬಿಟ್ಟಿತ್ತು. ಗಲ್ಲಿಯವರೆಲ್ಲ ಸೇರಿ ಅಂಗಡಿ ಪುಡಿ ಮಾಡೋಕೆ ಬಂದಿದ್ರು. ಅವತ್ತು ಹೊಸ ಹಾಳೆ ಅಂತ ಬೋರ್ಡ್ ಹಾಕ್ದೆ. ಬೋರ್ಡ್ ಹಾಕಿದ್ಮೇಲೆ ಸುಳ್ಳು ಅಂತ ಹೇಗೆ ಹೇಳ್ಲಿ? ಗಿರಾಕಿ ಬರ್ತಾರಾ?"

"ನಿಮ್ಮ ಬೋರ್ಡಿಗೋಸ್ಕರ ವಗ್ದಿ ನೇಣಿಗೇರಬೇಕಿತ್ತಾ?" ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ಮ ಕೈಕೆಳಗೆ ಬೆಳೆದ ಹುಡುಗ ಅವನು! ಥೂ."

ಹೊರಗೆ ಬೆಂಚು ಕಿರಗುಟ್ಟಿತು. ನಗ್ಲಾ ಎದ್ದು ಗಾಜಿಗೆ ಹತ್ತಿರ ಬಂದಿದ್ದಳು. ಗಲಾಟೆ ಕೇಳಿಸಿರಬೇಕು.

"ಸರಿ ಮದಾಮ್," ಹಾಝಿಮ್ ಬೇ ಬೆವರು ಒರೆಸಿಕೊಂಡ. "ಹೆಸರಿನಿಂದ ಏನೂ ಸಾಬೀತಾಗಲ್ಲ, ಒಪ್ಪಿದೆ. ಆದ್ರೆ ವಗ್ದಿ ಬರೆದಿಲ್ಲ ಅಂತಲೂ ಸಾಬೀತಾಗಲಿಲ್ಲವಲ್ಲ? ಅವನು ಬಾಯೇ ಬಿಡ್ತಿಲ್ಲ. ನಾನಲ್ಲ ಅಂತ ಒಂದು ಮಾತೂ ಅಂದಿಲ್ಲ. ಬೇರೆ ಯಾರೋ ಅಂತ ತೋರಿಸದಿದ್ರೆ ನಾನು ಸಹಿ ಹಾಕಲೇಬೇಕು."

ಅವನು ಹೇಳಿದ್ದು ನಿಜ. ಬೆಳಿಗ್ಗೆ ಠಾಣೆಯಲ್ಲಿ ನಾನೂ ವಗ್ದಿಯನ್ನು ಬೇಡಿಕೊಂಡಿದ್ದೆ. ಗೋಡೆ ನೋಡುತ್ತ ಕೂತಿದ್ದ. ಏಳುವಾಗ ಒಂದೇ ಮಾತು ಕೇಳಿದ: "ಬತ್ತಾ ಊಟ ಮಾಡಿದ್ಲಾ?"

ಯಾರು ಬತ್ತಾ ಎಂದು ಹೊರಗೆ ಬಂದು ನಗ್ಲಾಳನ್ನು ಕೇಳಿದ್ದೆ. ಅವಳು ಅಳುತ್ತಲೇ ನಕ್ಕಿದ್ದಳು. "ನಾನೇ ಮದಾಮ್. ಚಿಕ್ಕೋಳಿದ್ದಾಗ ಗುಂಡಗಿದ್ದೆ, ಬಾತುಕೋಳಿ ಥರ ನಡೀತಿದ್ದೆ ಅಂತ ಹಂಗೆ ಕರೀತಾನೆ. ಮನೆ ಹೊರಗೆ ಯಾರಿಗೂ ಗೊತ್ತಿಲ್ಲ." ಆಮೇಲೆ ನನ್ನ ಕೈ ಹಿಡಿದು ಹೇಳಿದ್ದಳು, "ನಿಮ್ಮ ಕಂಪ್ಯೂಟರ್ ವಿದ್ಯೆ ನನಗೆ ಅರ್ಥ ಆಗಲ್ಲ. ಗುಂಡಿ ಒತ್ತಿ ಹಚ್ಚೋಕೂ ಬರಲ್ಲ ನನಗೆ. ಅವನನ್ನ ಬಿಡಿಸಿಕೊಡಿ, ಅಷ್ಟೇ."

"ಜಾತಕದಲ್ಲಿ ಎರಡು ಹೆಸರಿರುತ್ತೆ ಬೇ," ಎಂದೆ. "ಹುಟ್ಟಿಸಿದವರದು ಒಂದು. ಕೊನೇಲಿ ಸೇವ್ ಮಾಡಿದವರದು ಇನ್ನೊಂದು. ನನ್ನ ಕರಾರಿನದು ನೋಡಿ. ಹುಟ್ಟಿಸಿದ್ದು ವಗ್ದಿ. ಕೊನೇಲಿ ಸೇವ್ ಮಾಡಿದ್ದು?"

"ಬಹ್ಗತ್," ಎಂದು ಓದಿದ. ಕಣ್ಣರಳಿತು. ತನ್ನ ಚೀಲದಿಂದ ಕಾಗದ ಎಳೆದ. ತಕ್ಷಣವೇ ಭುಜ ಇಳಿಬಿಟ್ಟ. "ಬೆದರಿಕೆ ಪತ್ರದ್ದೂ ಇದೆ. ಕೊನೇಲಿ ಸೇವ್ ಮಾಡಿದವರು ಅನ್ನೋ ಕಡೆ ನಮ್ಮ ಕಚೇರಿ ಹೆಸರೇ ಇದೆ."

"ಇರುತ್ತೆ. ನೀವು ನೋಡಿದ್ದು ಅಸಲಿ ಫೈಲಲ್ಲ."

ನಾನು ಹೇಳಬೇಕಾಗಿ ಬಂತು. ಪೆನ್ ಡ್ರೈವಿನ ಫೈಲು ಎರಡು ವರ್ಷದ ಹಿಂದೆ ಬಂದ ಹೊಸ ಬಗೆಯದು. ಅದು ಹಳೇ ಯಂತ್ರಗಳಲ್ಲಿ ತೆರೆಯದು ಎಂದು ಗೊತ್ತಿದ್ದ ಯಾರೋ ಫೈಲಿನ ಹೆಸರಿನ ಕೊನೆಗೆ, ಚುಕ್ಕಿಯ ಆಚೆ ಇರುವ ಬಾಲವನ್ನಷ್ಟೇ ಹಳೇ ಬಗೆಯದಕ್ಕೆ ತಿದ್ದಿದ್ದರು. ಅದನ್ನೇ ಪರಿವರ್ತನೆ ಎಂದುಕೊಂಡವರು ಈ ಊರಿನಲ್ಲಿ ಬೇಕಾದಷ್ಟು ಜನ. ಬಾಲ ಬದಲಿಸಿದರೆ ಕತ್ತೆ ಕುದುರೆಯಾದೀತೇ? ಪ್ರಾಸಿಕ್ಯೂಟರ್ ಕಚೇರಿಯ ಹಳೇ ಯಂತ್ರ ಅದನ್ನು ತೆರೆದಾಗ ಪುಟದ ತುಂಬ ಚೌಕಗಳು, ಗೀಟುಗಳು. ಓದಲು ಬಂದದ್ದು ಮೊದಲಿನ ಎರಡು ಲ್ಯಾಟಿನ್ ಅಕ್ಷರ ಮಾತ್ರ: ಪಿ, ಕೆ.

ಒಳಗಿನದನ್ನೆಲ್ಲ ಗಂಟು ಕಟ್ಟಿ ಇಡುವ ಹೊಸ ಬಗೆಯ ಯಾವ ಫೈಲನ್ನು ಹೀಗೆ ಸೀಳಿದರೂ ಮೊದಲು ಕಾಣುವುದು ಆ ಎರಡಕ್ಷರವೇ. ಹಾಝಿಮ್ ಬೇಯ ಗುಮಾಸ್ತನಿಗೆ ಇದೆಲ್ಲಿ ಗೊತ್ತು? ಅದು ಕೊಲೆಗಾರನ ಸಹಿ ಎಂದುಕೊಂಡ. ಅರಬ್ಬಿಯಲ್ಲಿ 'ಪ' ಅಕ್ಷರವೇ ಇಲ್ಲವಲ್ಲ, ಹಾಗಾಗಿ ಊರಿನಲ್ಲಿ ಉಳಿದಿದ್ದ ಗ್ರೀಕರನ್ನು ಹುಡುಕಿ, ಪನಯೋತಿ ಕರಸ್ ಎಂಬ ಮುದುಕ ಬೇಕರಿಯವನನ್ನು ಠಾಣೆಗೆ ತಂದು ಕೂರಿಸಿದ್ದ.

"ಅದನ್ನ ನೆನಪಿಸಬೇಡಿ," ಎಂದು ಹಾಝಿಮ್ ಬೇ ಗೊಣಗಿದ. "ಅವನ ಹೆಂಡತಿ ಈಗಲೂ ನನಗೆ ಶಾಪ ಹಾಕ್ತಾಳೆ. ಆಮೇಲೆ ಗುಮಾಸ್ತ ಅದನ್ನ ಎಲ್ಲೋ ಕೊಟ್ಟು ಹಳೇ ಬಗೆಗೆ ಪರಿವರ್ತನೆ ಮಾಡಿಸಿದ. ಕಚೇರಿ ಯಂತ್ರದಲ್ಲಿ ಸೇವ್ ಮಾಡಿದ. ನಾನು ಓದಿದ್ದು ಅದನ್ನೇ."

"ಮನೆ ಖಾಲಿ ಮಾಡಿದ್ರೆ ಪಾತ್ರೆ ಪಡಗ ಹೊಸ ಮನೆಗೆ ಬರುತ್ತೆ. ಗೋಡೆ ಮೇಲೆ ಮಕ್ಕಳು ಗೀಚಿದ್ದು ಬರಲ್ಲ. ವಗ್ದಿ ಹೆಸರು ಪಾತ್ರೆ ಜೊತೆ ಬಂತು. ಕೊನೇಲಿ ಕೈಯಿಟ್ಟವರ ಹೆಸರು ಹಳೇ ಗೋಡೆ ಮೇಲೆ ಉಳೀತು. ಪೆನ್ ಡ್ರೈವ್ ತಂದಿದೀರಲ್ಲ?"

ಅವನು ತಂದೇ ತಂದಿದ್ದ. ಕೋರ್ಟಿಗೆ ಕಳಿಸುವ ಮುಂಚೆ ಅಸಲಿಗೂ ನಕಲಿಗೂ ತಾಳೆ ನೋಡಿದೆ ಎಂದು ಬರೆಯಬೇಕಿತ್ತು. ಅಸಲಿ ತೆರೆಯುವ ಯಂತ್ರ ಅವನ ಕಚೇರಿಯಲ್ಲಿರಲಿಲ್ಲ. ಇಡೀ ಗಲ್ಲಿಗೆ ಹೊಸ ಪ್ರೋಗ್ರಾಂ ಇದ್ದದ್ದು ಹಾಜ್ ಬಹ್ಗತ್‌ರ ಅಂಗಡಿಯ ಮೂಲೆಯಲ್ಲಿ, ಕಸೂತಿ ಬಟ್ಟೆ ಹೊದ್ದು ಕೂತಿದ್ದ ಒಂದೇ ಯಂತ್ರದಲ್ಲಿ.

"ಅದರ ಬೀಗದ ಕೈ ಯಾರ ಹತ್ರ ಇರುತ್ತೆ ಹಾಜ್?" ಹಾಝಿಮ್ ಬೇ ತಣ್ಣಗೆ ಕೇಳಿದ.

ಹಾಜ್ ಜೇಬು ಮುಟ್ಟಿಕೊಂಡರು. "ನನ್ನ ಹತ್ರ ಬಾಶಾ. ಆದ್ರೆ... ಅಲ್ಲಾಹನಾಣೆ, ನಾನಲ್ಲ! ಲಬೀಬ್ ನನ್ನ ಗಿರಾಕಿ. ಗಿರಾಕೀನ ಯಾರಾದ್ರೂ ಕೊಲ್ತಾರಾ?"

"ತೆಗೀರಿ ಬಟ್ಟೆ."

ಬಟ್ಟೆ ಸರಿಯಿತು. ಯಂತ್ರ ಗುಂಯ್ ಎಂದು ಎದ್ದಿತು. ಹಾಝಿಮ್ ಬೇ ಮೊಹರು ಒಡೆದು ಪೆನ್ ಡ್ರೈವ್ ಚುಚ್ಚಿದ. ಕಚೇರಿಯಲ್ಲಿ ಬರೀ ಚೌಕಗಳನ್ನು ತೋರಿಸಿದ್ದ ಫೈಲು ಇಲ್ಲಿ ಸಲೀಸಾಗಿ ತೆರೆದುಕೊಂಡಿತು. ಅದೇ ಪತ್ರ, ತಲೆಯಲ್ಲಿ ಅದೇ ನಾಲ್ಕು ಬೆರಳು ಜಾಗ.

ಹಾಜ್ ಬಹ್ಗತ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಬೇಯ ಹೆಗಲ ಮೇಲಿಂದ ನಾನೂ ಬಗ್ಗಿ ನೋಡಿದೆ. ಜಾತಕದ ಪುಟ ತೆರೆಯಿತು.

ಬರೆದವರು: ವಗ್ದಿ.

ಕೊನೆಯಲ್ಲಿ ಸೇವ್ ಮಾಡಿದವರು: ಬತ್ತಾ.

ಬೆಳಿಗ್ಗೆಯಷ್ಟೇ ನಾನು ಕೇಳಿದ್ದ ಹೆಸರು.

"ಬತ್ತಾ?" ಹಾಝಿಮ್ ಬೇ ನಕ್ಕೇಬಿಟ್ಟ. "ಬಾತುಕೋಳಿನಾ? ಇದೆಂಥ ಹೆಸರು! ಹಾಜ್, ನಿಮ್ಮಲ್ಲಿ ಯಾರಾದ್ರೂ ಬತ್ತಾ ಅಂತ ಇದಾರಾ?"

ಹಾಜ್ ಒಂದು ಕಣ್ಣು ತೆರೆದರು. ಜೀವ ಬಂದ ಹಾಗಾಯಿತು. "ಇಲ್ಲ ಬಾಶಾ! ಇಲ್ಲಿ ಸೇವ್ ಮಾಡಿದ್ರೆ ಬಹ್ಗತ್ ಅಂತಲೇ ಬರುತ್ತೆ. ಇದು ಬೇರೆ ಎಲ್ಲಿಯದೋ ಯಂತ್ರ. ಅಲ್ಹಮ್ದುಲಿಲ್ಲಾ!"

"ನಿಮಗೇನಾದ್ರೂ ಹೊಳೀತಾ ಮದಾಮ್?"

ನಾನು ಕೈಯಲ್ಲಿದ್ದ ಪತ್ರದ ಪ್ರತಿಯನ್ನು ಮಡಿಸತೊಡಗಿದೆ.

ವಗ್ದಿಯ ಮೌನ ಈಗ ಅರ್ಥವಾಯಿತು. ಪತ್ರ ಮುಂದೆ ಹಿಡಿದ ದಿನವೇ ಅವನು ಆ ಖಾಲಿ ಜಾಗ ಗುರುತಿಸಿದ್ದ. ತನ್ನ ಬಿಸ್ಮಿಲ್ಲಾ ಫೈಲನ್ನು ಮನೆಗೆ ಒಯ್ದವನು ಅವನೇ, ಮನೆಯ ಯಂತ್ರಕ್ಕೆ ಅಕ್ಕನ ಅಡ್ಡಹೆಸರು ಕೊಟ್ಟವನೂ ಅವನೇ ಇರಬೇಕು. ಅದು ಯಾರ ಕೈಗೆ ಸಿಕ್ಕಿತು ಎಂದು ಅವನಿಗೆ ಗೊತ್ತಿತ್ತು. ನಾನಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡ. ಅಕ್ಕ ಊಟ ಮಾಡಿದಳೇ ಎಂದು ಮಾತ್ರ ಕೇಳಿದ.

"ಸರಿ, ಈ ಬಾತುಕೋಳೀನ ಹಿಡಿದು ತನ್ನಿ, ಹುಡುಗನನ್ನ ಇವತ್ತೇ ಬಿಡ್ತೀನಿ," ಎಂದು ಹಾಝಿಮ್ ಬೇ ಜಾತಕದ ಪುಟ ಮುಚ್ಚಿದ. "ಅಲ್ಲೀವರೆಗೆ ಇದನ್ನ ಮೊಹರು ಮಾಡಿ ಕೋರ್ಟಿಗೆ ಕಳಿಸ್ತೀನಿ. ನಾವು ನೋಡಿದ್ದನ್ನ ಅವರೂ ನೋಡಲಿ."

ಪತ್ರವನ್ನು ಮುಚ್ಚಲು ಒತ್ತಿದ. ಯಂತ್ರ ಕೇಳಿತು: ಬದಲಾವಣೆಗಳನ್ನು ಸೇವ್ ಮಾಡಬೇಕೆ?

ನಾವು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಆದರೂ ಈ ಪ್ರೋಗ್ರಾಂ ಪುಟಸಂಖ್ಯೆ ತಾನೇ ಲೆಕ್ಕ ಹಾಕಿಕೊಂಡದ್ದಕ್ಕೂ ಹೀಗೆ ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಕೊನೆಯ ಹೆಸರಿನ ಜಾಗದಲ್ಲಿ 'ಬಹ್ಗತ್' ಕೂರುತ್ತದೆ. ಇರುವುದು ಒಂದೇ ಅಸಲಿ. ಬತ್ತಾ ಎಂಬ ಹೆಸರು ಇನ್ನು ಎಲ್ಲೂ ಇರುವುದಿಲ್ಲ.

ಹಾಝಿಮ್ ಬೇಯ ಕೈ 'ಹೌದು' ಕಡೆ ಹೋಯಿತು.

ಬೇಡ ಎನ್ನಬೇಕಿತ್ತು ನಾನು. ಇಷ್ಟು ವರ್ಷ ಈ ಕಸುಬು ಮಾಡಿದವಳು ಕಿರುಚಬೇಕಿತ್ತು. ಕಿರುಚಿದರೆ ತಮ್ಮ ಬಿಡುಗಡೆಯಾಗುತ್ತಾನೆ, ಅಕ್ಕ ಒಳಗೆ ಹೋಗುತ್ತಾಳೆ. ಸುಮ್ಮನಿದ್ದರೆ ಅಕ್ಕ ಉಳಿಯುತ್ತಾಳೆ, ತಮ್ಮ ಹೋಗುತ್ತಾನೆ. ಬೆಳಿಗ್ಗೆ ನನ್ನ ಕೈ ಹಿಡಿದಿದ್ದ ಅವಳ ಕೈ ನೆನಪಾಯಿತು. ನನ್ನ ನಾಲಿಗೆ ಏಳಲಿಲ್ಲ, ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

"ಬಾಶಾ, ಬೇಡ! ಸೇವ್ ಒತ್ತಬೇಡಿ! ಒತ್ತಿದ್ರೆ ಆ ಹೆಸರು ಹೋಗಿಬಿಡುತ್ತೆ!"

ಗಾಜಿನ ಬಾಗಿಲು ಗೋಡೆಗೆ ಬಡಿಯಿತು. ಧೂಳುಗಾಳಿಯ ಜೊತೆ ನಗ್ಲಾ ಒಳಗೆ ಬಂದು ನಿಂತಿದ್ದಳು. ಊಟದ ಡಬ್ಬಿ ಎದೆಗೆ ಅವುಚಿಕೊಂಡಿದ್ದಳು.

ಹಾಝಿಮ್ ಬೇ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಪರದೆಯನ್ನು ನೋಡಿದ, ಅವಳನ್ನು ನೋಡಿದ. ನಗು ಹೋಗಿ ಪ್ರಾಸಿಕ್ಯೂಟರಿನ ಮುಖ ಬಂತು.

"ಕಂಪ್ಯೂಟರ್ ಮುಟ್ಟೋಕೂ ಬರಲ್ಲ ಅಂತ ಹೇಳಿಕೆ ಕೊಟ್ಟಿದ್ದೆಯಲ್ಲಮ್ಮಾ," ಎಂದ ನಿಧಾನವಾಗಿ. "ಇದು ನಿನಗೆ ಹೇಗೆ ಗೊತ್ತು? ಯಾರದು ಆ ಹೆಸರು?"

ನಗ್ಲಾ ಡಬ್ಬಿಯನ್ನು ಟೈಪಿಂಗ್ ಮೇಜಿನ ಮೇಲಿಟ್ಟಳು. ಟವೆಲ್ಲಿನ ಗಂಟು ಸರಿಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಬಾಯಲ್ಲಿ ಬರ್ತಿಲ್ಲ ಮದಾಮ್. ನಿಮಗೆ ಗೊತ್ತಲ್ಲ, ನೀವೇ ಹೇಳಿಬಿಡಿ. ಆದ್ರೆ ಮೊದಲು ಇವರನ್ನ ಒಂದು ಮಾತು ಕೇಳಿ: ಅವತ್ತು ನಾನು ಲಿಫ್ಟಿನ ಹತ್ರ ಹೋದಾಗ ಲಬೀಬ್ ಆಗಲೇ ಕೆಳಗೆ ಬಿದ್ದಿದ್ರು, ಬಗ್ಗಿ ನೋಡುವಾಗ ಪೆನ್ ಡ್ರೈವ್ ನನ್ನ ಕೈಯಿಂದ ಜಾರ್ತು ಅಂದ್ರೆ, ಯಾರಾದ್ರೂ ನಂಬ್ತಾರಾ?"